ಮನೆಯಲ್ಲಿ ಡೆಮೊ ಇಟ್ಟಾಗ ಐಸ್ ಕ್ರೀಂ ಕರಗದ ಹಾಗೆ ಕೊಡುವುದು ಹೇಗೆ?

ಏಪ್ರಿಲ್‌ನಲ್ಲಿ ಮನೆಯಲ್ಲೇ ಡಬ್ಬಿಗಳ ಡೆಮೊ, ಅಂದರೆ ಡಬ್ಬಿಗಳನ್ನು ತೋರಿಸಿ ಆರ್ಡರ್ ಬರೆದುಕೊಳ್ಳುವ ಕೂಟ, ಇಟ್ಟಿದ್ದೀರಿ, 20 ಹೆಂಗಸರು ಬರುತ್ತಾರೆ, ಇರುವುದು ಒಂದು ಹಳೆಯ ಸಿಂಗಲ್ ಡೋರ್ ಫ್ರಿಜ್. ಐಸ್ ಕ್ರೀಂ ಕೊಡಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಕೊಡಿ. ನಾನೂ ದಾವಣಗೆರೆಯಲ್ಲಿ ಇದೇ ಡೆಮೊ ಮಾಡುವವಳು.

ನನ್ನ ಮೊದಲ ಡೆಮೊ ವಿದ್ಯಾನಗರದ ಒಂದು ಮನೆಯಲ್ಲಿ. ಚೆನ್ನಾಗಿ ಕಾಣಲಿ ಅಂತ ಐಸ್ ಕ್ರೀಂ ಟಬ್ಬನ್ನು ಟೀಪಾಯಿ ಮೇಲೇ ಇಟ್ಟು ಮಾತಿಗೆ ಕೂತೆ. ಮಧ್ಯದಲ್ಲಿ ಕರೆಂಟ್ ಹೋಯಿತು. ಮುಚ್ಚಳ ತೆಗೆದರೆ ಅಂಚೆಲ್ಲಾ ಹಾಲು. ಉಳಿದದ್ದನ್ನು ಮತ್ತೆ ಫ್ರೀಜರಿಗೆ ಹಾಕಿದೆ. ಮಾರನೇ ದಿನ ಬಾಯಿಗಿಟ್ಟರೆ ರವೆ ರವೆ. ಕರಗಿದಾಗ ಒಳಗಿನ ಗಾಳಿ ಹೋಗುತ್ತದೆ, ನೀರು ನಿಧಾನಕ್ಕೆ ಗಟ್ಟಿಯಾಗಿ ದೊಡ್ಡ ಹರಳಾಗುತ್ತದೆ. ರುಚಿ ಮಾತ್ರ ಅಲ್ಲ, ಕರಗಿದಾಗ ಬೆಳೆದ ಬ್ಯಾಕ್ಟೀರಿಯಾ ತಣ್ಣಗಾದರೆ ಸಾಯುವುದಿಲ್ಲ, ಸುಮ್ನೆ ಇರುತ್ತದೆ ಅಷ್ಟೇ. ಕರಗಿದ್ದನ್ನು ಮತ್ತೆ ಗಟ್ಟಿ ಮಾಡಿ ಯಾರಿಗೂ ಕೊಡಬೇಡಿ, ಮಕ್ಕಳಿಗಂತೂ ಬೇಡವೇ ಬೇಡ.

ಐಸ್ ಕ್ರೀಂಗೆ ಮೈನಸ್ 18 ಡಿಗ್ರಿ ಬೇಕು. ಹಳೆಯ ಸಿಂಗಲ್ ಡೋರ್ ಫ್ರೀಜರನ್ನು ಅಷ್ಟಕ್ಕೆ ನಂಬಬೇಡಿ. ಅವತ್ತೇ, ಜನ ಬರುವ ಸ್ವಲ್ಪ ಮುಂಚೆ ಅಂಗಡಿಯಿಂದ ತರಿಸಿ. ಥರ್ಮಾಕೋಲ್ ಡಬ್ಬದಲ್ಲಿ ಐಸ್ ತುಂಡು ಮೂರು ಪಾಲು, ಕಲ್ಲುಪ್ಪು ಒಂದು ಪಾಲು ಬೆರೆಸಿ, ನಡುವೆ ಪ್ಯಾಕ್ ಇಡಿ. ಉಪ್ಪು ಬಿದ್ದ ಐಸ್ ಸೊನ್ನೆಗಿಂತ ಎಷ್ಟೋ ಕೆಳಗೆ, ಮೈನಸ್ 20ರ ಹತ್ತಿರದವರೆಗೂ ಇಳಿಯುತ್ತದೆ. ಪ್ಯಾಕನ್ನು ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಕಟ್ಟಿರಬೇಕು, ಉಪ್ಪುನೀರು ಒಂದು ಹನಿ ಒಳಗೆ ಹೋದರೂ ಎಲ್ಲಾ ಹಾಳು. ಡಬ್ಬ ಪದೇ ಪದೇ ತೆಗೆಯಬೇಡಿ.

ಟಬ್ ಬದಲು ಬ್ರಿಕ್, ಅಂದರೆ ಇಟ್ಟಿಗೆ ಆಕಾರದ ಪ್ಯಾಕ್ ತಗೊಳ್ಳಿ. 100 ಮಿಲಿ ಲೆಕ್ಕದಲ್ಲಿ 20 ಜನಕ್ಕೆ ಎರಡು ಲೀಟರ್, ಜೊತೆಗೆ ಅರ್ಧ ಲೀಟರ್ ಜಾಸ್ತಿ ಇರಲಿ. ಸ್ಕೂಪಲ್ಲಿ ತೋಡುತ್ತಾ ನಿಂತರೆ ಕೊನೆಯವರಿಗೆ ಪಾಯಸವೇ. ಬ್ರಿಕ್ ಆದರೆ ಚಾಕುವನ್ನು ಬಿಸಿನೀರಲ್ಲಿ ಅದ್ದಿ, ಒರೆಸಿ, ಒಂದೇ ಸಲ ಒತ್ತಿ. ತುಂಡು ನೀಟಾಗಿ ಬೀಳುತ್ತದೆ. ಸ್ಟೀಲ್ ಬಟ್ಟಲುಗಳನ್ನು ಬೆಳಗ್ಗೆಯೇ ಫ್ರೀಜರಲ್ಲಿ ಇಟ್ಟಿರಿ, ನಿಮ್ಮ ಫ್ರಿಜ್ ಅದಕ್ಕೆ ಸಾಕು. ಹೊರಗೆ ತೆಗೆದಾಗ ಬಟ್ಟಲ ಮೈಮೇಲೆ ಮಂಜು ಕೂತಿರಬೇಕು, ಅಷ್ಟು ತಣ್ಣಗೆ.

ಬಂದ ತಕ್ಷಣ ಮಂಡಕ್ಕಿ, ಮಿರ್ಚಿ ಕೊಡಿ. ಐಸ್ ಕ್ರೀಂ ಕೊಡುವುದು ಡಬ್ಬಿಗಳನ್ನು ತೋರಿಸಿ ಮುಗಿದ ಮೇಲೆ, ಆರ್ಡರ್ ಬರೆಯುವ ಮುಂಚೆ. ಬಟ್ಟಲು ಕೈಯಲ್ಲಿದ್ದಾಗ ಯಾರೂ ಎದ್ದು ಹೋಗುವುದಿಲ್ಲ, ಅವರವರೇ ಮಾತಾಡಿಕೊಳ್ಳುತ್ತಾರೆ. ನನಗೆ ಆರ್ಡರ್ ಬರುವುದು ಹೆಚ್ಚಾಗಿ ಆಗಲೇ. ಶುಗರ್ ಇರುವವರನ್ನು ಮೊದಲೇ ಕೇಳಿ, ಅವರಿಗೆ ಮಜ್ಜಿಗೆ ಇಟ್ಟಿರಿ.

ಇನ್ನೊಂದು, ಪ್ಯಾಕ್ ಮೇಲೆ ‘ಫ್ರೋಜನ್ ಡೆಸರ್ಟ್’ ಅಂತ ಇದ್ದರೆ ಅದರಲ್ಲಿ ಹಾಲಿನ ಕೊಬ್ಬಿನ ಜಾಗದಲ್ಲಿ ಸಸ್ಯದ ಎಣ್ಣೆ ಇರುತ್ತದೆ. ತರಿಸುವಾಗ ನೋಡಿಕೊಳ್ಳಿ.