ಒಂದೇ ಸ್ಯಾಂಡ್‌ವಿಚ್, ಒಂದ್ಸಲ ಗರಿಗರಿ ಒಂದ್ಸಲ ಮೆತ್ತಗೆ

ಅದೇ ಸ್ಯಾಂಡ್‌ವಿಚ್ ಅಂಗಡಿ ಚೈನ್, ಅದೇ ಟೋಸ್ಟ್ ಸ್ಯಾಂಡ್‌ವಿಚ್, ಮೊದಲ ಸಲ ಗರಿಗರಿ ಇತ್ತು ಆಮೇಲೆ ಎರಡು ಸಲ ಹೋದಾಗ ಮೆತ್ತಗೆ ಯಾಕೆ ಅಂತ ಕೇಳಿದೀರಲ್ಲ, ನಾನೂ ಇಂಥದ್ದೇ ಒಂದು ಚೈನ್‌ಗೆ ತುಂಬಾ ಸಲ ಹೋಗಿದೀನಿ, ನಂಗೆ ಅನ್ಸಿದ್ದು ಏನಂದ್ರೆ ಬಹಳಷ್ಟು ಸಲ ತಪ್ಪು ಬ್ರೆಡ್‌ದಲ್ಲ, ಸುತ್ತೋ ಪೇಪರ್‌ದು. ಬಿಸಿ ಇರೋವಾಗ್ಲೇ ಬಿಗಿಯಾಗಿ ಸುತ್ತಿಬಿಟ್ರೆ ಒಳಗಿನ ಹಬೆ ಹೊರಗೆ ಹೋಗಲ್ಲ, ಆ ನೀರೆಲ್ಲ ಬ್ರೆಡ್ಡೇ ಹೀರ್ಕೊಳ್ಳತ್ತೆ. ಪಾರ್ಸಲ್ ತಗೊಂಡ್ರಂತೂ ಮುಗೀತು. ಆಮೇಲೆ ರಶ್ ಇದ್ದಾಗ ಟೋಸ್ಟ್ ಪೂರ್ತಿ ಆಗೋ ಮುಂಚೆನೇ ತೆಗೆದುಬಿಡ್ತಾರೆ, ಆದ್ರೆ ಬ್ರೆಡ್ಡಿನ ಮೈ ಒಣಗಿ ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಿದ್ರೇನೇ ಆ ಕಂದು ಬಣ್ಣ, ಆ ಘಮ ಚೆನ್ನಾಗಿ ಬರೋದು. ಮುಂದಿನ ಸಲ ರಶ್ ಇಲ್ಲದ ಹೊತ್ತಲ್ಲಿ ಹೋಗಿ, ಟೊಮ್ಯಾಟೊ, ಸಾಸು ಎಲ್ಲ ಟೋಸ್ಟ್ ಆದ್ಮೇಲೆ ಹಾಕಿ ಅನ್ನಿ, ಅಲ್ಲೇ ಕೂತು ತಿಂದು ನೋಡಿ.