ಅಪ್ಪನ ಅಂಗಿಯ ಮೇಲಿನ ಬೂದು ಪುಡಿ

ಬೆಟಗೇರಿಯಿಂದ ತಾಯಿಯೊಬ್ಬರು ಬರೆದಿದ್ದಾರೆ, ಹೆಸರು ಹಾಕಬೇಡಿ ಎಂದಿದ್ದಾರೆ. ಮನೆಯವರಿಗೆ ಬ್ಯಾಟರಿ ರಿಪೇರಿ ಅಂಗಡಿಯಲ್ಲಿ ಕೆಲಸ. ಮೂರು ವರ್ಷದ ಮಗನಿಗೆ ಹಿಮೋಗ್ಲೋಬಿನ್ ಎಂಟೂವರೆ. ಮಣ್ಣು ತಿನ್ನುತ್ತಾನೆ, ಪದೇ ಪದೇ ಹೊಟ್ಟೆನೋವು ಅನ್ನುತ್ತಾನೆ. "ಇದು ಸೀಸದಿಂದ ಇರಬಹುದೇ? ದಿನಾ ಬೆಲ್ಲ ತಿನ್ನಿಸಿದರೆ ಇಳಿಯುತ್ತದೆ ಅಂತಾರೆ, ಖರೆ ಏನು?" ಎಂಬುದು ಅವರ ಪ್ರಶ್ನೆ.

ತಂಗಿ, ಬೆಲ್ಲದ ಮಾತು ಮೊದಲು ಮುಗಿಸೋಣ. ಬೆಲ್ಲ ಸೀಸ ಇಳಿಸುವುದಿಲ್ಲ, ಹಾಲೂ ಇಳಿಸುವುದಿಲ್ಲ. ಕೆಲಸಗಾರರಿಗೆ ಸಂಜೆ ಒಂದು ತುಂಡು ಬೆಲ್ಲ ಕೊಟ್ಟು ಕೈ ತೊಳೆದುಕೊಳ್ಳುವ ಮಾಲೀಕರಿದ್ದಾರೆ. ಅದರ ಬದಲು ಒಂದು ನಳ, ಒಂದು ಸಾಬೂನು ಇಟ್ಟರೆ ಅವರ ಕೈಯಾದರೂ ತೊಳೆದೀತು.

ಸೀಸದಿಂದ ಇರಬಹುದೇ? ಇರಬಹುದು. ಆದರೆ ಲಕ್ಷಣ ನೋಡಿ ಹೇಳುವಂತಿಲ್ಲ. ಹೊಟ್ಟೆನೋವು, ರಕ್ತಹೀನತೆ ಜಂತುಹುಳದಿಂದಲೂ ಬರುತ್ತವೆ. ಸೀಸ ಸೇರಿದ ಎಷ್ಟೋ ಮಕ್ಕಳಲ್ಲಿ ಹೊರಗೆ ಏನೂ ಕಾಣುವುದೇ ಇಲ್ಲ. ಮಿದುಳು ಬೆಳೆಯುವ ವಯಸ್ಸಿನಲ್ಲಿ ಪೆಟ್ಟು ಬಿದ್ದು ಕಲಿಕೆ ಹಿಂದೆ ಬೀಳುತ್ತದೆ, ಗಮನ ನಿಲ್ಲುವುದಿಲ್ಲ. ನಾವು 'ದಡ್ಡ', 'ಉಡಾಳ' ಎಂದು ಬೈದು ಸುಮ್ಮನಾಗುತ್ತೇವೆ.

ಹಾಗಾಗಿ ರಕ್ತದಲ್ಲಿನ ಸೀಸದ ಪರೀಕ್ಷೆಯೇ ಆಗಬೇಕು. ಗದಗಿನ ಜಿಮ್ಸ್ ಅಥವಾ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಸರ್ಕಾರಿ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ವಿಚಾರಿಸಿ. ಅಪ್ಪನ ಕೆಲಸ ಏನೆಂದು ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಬೆರಳು ಚುಚ್ಚಿ ತೆಗೆದ ರಕ್ತಕ್ಕೆ ಚರ್ಮದ ಮೇಲಿನ ಧೂಳು ಸೇರಿ ಅಂಕಿ ಹೆಚ್ಚಾಗಿ ಬರಬಹುದು, ತೋಳಿನಿಂದ ತೆಗೆದದ್ದೇ ನಂಬಿಕೆಗೆ ತಕ್ಕದ್ದು. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ತಡೆಯಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ. ಅದಕ್ಕಿಂತ ಕಡಿಮೆಯಿದ್ದರೆ ನಿಶ್ಚಿಂತೆ ಎಂದಲ್ಲ, ಸುರಕ್ಷಿತವೆನ್ನುವ ಮಟ್ಟವೇ ಇಲ್ಲ. 45 ದಾಟಿದ ಮಕ್ಕಳಿಗೆ ಸೀಸ ಹೊರಹಾಕುವ ಔಷಧಿ ಕೊಡುತ್ತಾರೆ. ಮನೆಗೆ ಸೀಸದ ಪುಡಿ ಬರುತ್ತಲೇ ಇದ್ದರೆ ಆ ಔಷಧಿಯೂ ತೂತು ಕೊಡಕ್ಕೆ ನೀರು ಹಾಕಿದಂತೆ.

ಆ ಪುಡಿಯ ದಾರಿ ನಿಮ್ಮ ಪತ್ರದಲ್ಲೇ ಇದೆ. ಸಂಜೆ ಅಪ್ಪನ ಗಾಡಿ ಸಪ್ಪಳ ಕೇಳಿದರೆ ಸಾಕು, ಓಡಿಹೋಗಿ ಟ್ಯಾಂಕಿನ ಮೇಲೆ ಕೂಡುತ್ತಾನೆ, ಒಂದು ರೌಂಡ್ ಹೊಡಿಸದೆ ಊಟ ಮಾಡುವುದಿಲ್ಲ ಎಂದಿದ್ದೀರಿ. ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಪ್ಲೇಟು ಕೆರೆಯುವಾಗ, ಸೀಸ ಕರಗಿಸಿ ಟರ್ಮಿನಲ್ ಎರೆಯುವಾಗ ಏಳುವ ಬೂದು ಪುಡಿ ಅಂಗಿಯ ಹೊಲಿಗೆಯಲ್ಲಿ, ಉಗುರಿನಲ್ಲಿ, ತಲೆಗೂದಲಲ್ಲಿ ಕೂತಿರುತ್ತದೆ. ಮಗು ಅದೇ ಅಂಗಿಗೆ ಒರಗಿ, ಅದೇ ಟ್ಯಾಂಕು ಹಿಡಿದ ಕೈ ಬಾಯಿಗಿಡುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೀರುತ್ತದೆ, ಕಬ್ಬಿಣಾಂಶ ಕಡಿಮೆಯಿದ್ದರೆ ಇನ್ನೂ ಹೆಚ್ಚು. ಡಾಕ್ಟರು ಕೊಟ್ಟ ಐರನ್ ಟಾನಿಕ್ ಅದಕ್ಕೇ ನಿಲ್ಲಿಸಬೇಡಿ.

ರೌಂಡ್ ತಪ್ಪಿಸುವುದು ಬೇಡ, ಸ್ನಾನವಾದ ಮೇಲೆ ಆಗಲಿ. ಕೆಲಸದ ಬಟ್ಟೆ, ಚಪ್ಪಲಿ ಅಂಗಡಿಯಲ್ಲೇ ಬಿಟ್ಟು ಬರಲಿ. ಆಗದಿದ್ದರೆ ಹೊರಗೇ ಬಿಚ್ಚಿ, ಬೇರೆಯೇ ಒಗೆಯಲಿ. ಟ್ಯಾಂಕು, ಸೀಟು ಒದ್ದೆ ಬಟ್ಟೆಯಿಂದ ಒರೆಸಿ. ಮನೆಯೊಳಗೆ ಕಸಬರಿಗೆ ಆಡಿಸಿದರೆ ಪುಡಿ ಎದ್ದು ಮತ್ತೆ ಕೂಡುತ್ತದೆ, ನೆಲವನ್ನೂ ಒರೆಸುವುದೇ ಸರಿ.

ಬಾಗಿಲಿನ ಹಳೇ ಬಣ್ಣದ ಬಗ್ಗೆಯೂ ಕೇಳಿದ್ದೀರಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನದಾದರೆ ಮಗು ಇರುವಾಗ ಕೆರೆಸಬೇಡಿ.

ಗದಗಿನವರಿಗೆ ಸೀಸ ಹೊಸದಲ್ಲ. ಇಲ್ಲಿನ ಮುದ್ರಣಾಲಯಗಳಲ್ಲಿ ಒಂದು ಕಾಲಕ್ಕೆ ಜೋಡಿಸುತ್ತಿದ್ದ ಅಚ್ಚುಮೊಳೆ ಸೀಸ, ತವರ, ಆಂಟಿಮನಿ ಸೇರಿದ್ದು. ನಮ್ಮ ಕಸುಬಿನವರ ಬೆರಳುಗಳಿಗೂ ಅದು ಅಂಟಿತ್ತು. ಕಂಪ್ಯೂಟರ್ ಬಂದು ನಾವು ಪಾರಾದೆವು. ಬ್ಯಾಟರಿ ಕೆಲಸದವರಿಗೆ ಅಂಥ ದಾರಿ ತೆರೆದಿಲ್ಲ. ಕೆಲಸ ಬಿಡಿ ಎಂದು ಪತ್ರಿಕೆಯಲ್ಲಿ ಕೂತು ಬರೆಯುವುದು ಸುಲಭ, ನಾನದನ್ನು ಹೇಳುವುದಿಲ್ಲ. ಆದರೆ ನಿಮ್ಮವರ ರಕ್ತವನ್ನೂ ಪರೀಕ್ಷಿಸಲಿ, ಸೀಸ ದೊಡ್ಡವರ ರಕ್ತದೊತ್ತಡ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಕೆಟ್ಟ ಬ್ಯಾಟರಿಗಳನ್ನು ಗಲ್ಲಿಯಲ್ಲಿ ಒಡೆದು ಕರಗಿಸದೆ ನೋಂದಾಯಿತ ಮರುಬಳಕೆದಾರರಿಗೇ ಕಳಿಸಬೇಕೆಂಬ ನಿಯಮ 2001ರಿಂದಲೇ ಇದೆ. ಮಾಲೀಕರಿಗೆ ಇದನ್ನು ನೆನಪಿಸಲು ನಿಮ್ಮವರಿಗೆ ಸಂಕೋಚವಾದರೆ ಈ ಪುಟವನ್ನೇ ತೋರಿಸಲಿ.

ಪತ್ರದ ಅಂಚಿನಲ್ಲಿ ನಿಮಗೀಗ ಐದನೇ ತಿಂಗಳು ಎಂದು ಸಣ್ಣದಾಗಿ ಬರೆದಿದ್ದೀರಿ. ಸೀಸ ಎಲುಬಿನಲ್ಲಿ ವರ್ಷಗಟ್ಟಲೆ ಕೂತಿದ್ದು, ಬಸಿರಿನಲ್ಲಿ ರಕ್ತಕ್ಕಿಳಿದು ಹೊಟ್ಟೆಯೊಳಗಿನ ಕೂಸಿಗೂ ದಾಟುತ್ತದೆ. ಆ ಬಟ್ಟೆ ಇಷ್ಟು ದಿನ ಒಗೆದವರು ನೀವೇ ತಾನೆ? ಮಗನನ್ನು ಕರೆದೊಯ್ದ ದಿನವೇ ನಿಮ್ಮ ರಕ್ತವನ್ನೂ ಕೊಟ್ಟು ಬನ್ನಿ, ಬಟ್ಟೆ ಒಗೆಯುವ ಕೆಲಸ ಇನ್ನು ಮನೆಯವರೇ ಮಾಡಿಕೊಳ್ಳಲಿ.

— ಸಂ.