ಬ್ಯಾಂಕಾಕ್ ನದಿ ದಂಡೆ: ಟಿಕೆಟ್‌ನಲ್ಲಿರುವ ಜೆಟ್ಟಿ ಯಾವುದು?

ಪ್ರಶ್ನೆ: ಡಿಸೆಂಬರ್ ರಜೆಗೆ ಅತ್ತೆ-ಮಾವನವರ ಜೊತೆ ಬ್ಯಾಂಕಾಕ್‌ಗೆ ಹೊರಟಿದ್ದೇವೆ. ಸಂಜೆ ಏಷಿಯಾಟೀಕ್ ನದಿ ದಂಡೆ ಸುತ್ತಾಡಿ, ರಾತ್ರಿ ಊಟದ ಕ್ರೂಸ್ ಹತ್ತುವ ಯೋಚನೆ. ಹೇಗೆ ಹೋಗುವುದು? ಹಿರಿಯರಿಬ್ಬರೂ ಶುದ್ಧ ಸಸ್ಯಾಹಾರಿಗಳು.
– ಓದುಗರು, ಬಸವನಗುಡಿ

ಉತ್ತರ: ಮೊದಲು ಕ್ರೂಸ್ ಟಿಕೆಟ್ ತೆಗೆದು ಜೆಟ್ಟಿಯ ಹೆಸರು ಓದಿ. ಚಾವೊ ಫ್ರಾಯಾ ನದಿಯ ಊಟದ ಕ್ರೂಸ್‌ಗಳು ಒಂದೇ ಕಡೆಯಿಂದ ಹೊರಡುವುದಿಲ್ಲ. ಕೆಲವು ಏಷಿಯಾಟೀಕ್‌ನಿಂದ, ಕೆಲವು ಐಕಾನ್‌ಸಿಯಾಮ್ ಮಾಲ್‌ನ ಜೆಟ್ಟಿಯಿಂದ, ಇನ್ನು ಕೆಲವು ರಿವರ್ ಸಿಟಿಯಿಂದ. ಐಕಾನ್‌ಸಿಯಾಮ್ ಅಂತೂ ನದಿಯ ಆಚೆ ದಡದಲ್ಲಿದೆ. ತಪ್ಪು ಜೆಟ್ಟಿಯಲ್ಲಿ ನಿಂತರೆ ದೋಣಿ ಕೈತಪ್ಪಿತೆಂದೇ ಲೆಕ್ಕ. ನಿಮ್ಮ ಯೋಜನೆಗೆ ಏಷಿಯಾಟೀಕ್‌ನಿಂದಲೇ ಹೊರಡುವ ಕ್ರೂಸ್ ಸರಿಹೊಂದುತ್ತದೆ.

ಸಂಜೆ ಟ್ಯಾಕ್ಸಿ ಬೇಡ, ಚರೋನ್ ಕ್ರುಂಗ್ ರಸ್ತೆಯಲ್ಲಿ ವಾಹನಗಳು ತೆವಳುತ್ತವೆ. ಸುವರ್ಣಭೂಮಿ ವಿಮಾನ ನಿಲ್ದಾಣದ ರೈಲಿನಲ್ಲಿ ಕೊನೆಯ ನಿಲ್ದಾಣ ಫಯಾ ಥಾಯ್‌ಗೆ ಬನ್ನಿ. ಅಲ್ಲಿ ಬಿಟಿಎಸ್ (ನಗರದ ಮೆಟ್ರೊ ರೈಲು) ಹತ್ತಿದರೆ ಎರಡನೇ ನಿಲ್ದಾಣವೇ ಸಿಯಾಮ್. ಅಲ್ಲಿ ಇಳಿದು ಬಾಂಗ್ ವಾ ಕಡೆಯ ರೈಲು ಹಿಡಿಯಬೇಕು. ಮೆಜೆಸ್ಟಿಕ್‌ನಲ್ಲಿ ನೇರಳೆಯಿಂದ ಹಸಿರು ಮಾರ್ಗಕ್ಕೆ ಬದಲಾಯಿಸುವಾಗಿನ ಹತ್ತಿಳಿಯುವ ಕಷ್ಟ ಇಲ್ಲಿಲ್ಲ. ಅದೇ ಪ್ಲಾಟ್‌ಫಾರ್ಮ್‌ನ ಎದುರು ಬದಿಗೆ ರೈಲು ಬರುತ್ತದೆ. ಸಫಾನ್ ತಕ್ಸಿನ್‌ನಲ್ಲಿ ಇಳಿದು 2ನೇ ದ್ವಾರದಿಂದ ಹೊರಬಂದರೆ ಸಾಥೊನ್ ಜೆಟ್ಟಿ. ಏಷಿಯಾಟೀಕ್‌ಗೆ ಅಲ್ಲಿಂದ ಉಚಿತ ದೋಣಿ ಇದೆ. ಸೂರ್ಯಾಸ್ತದ ಹೊತ್ತಿಗೆ ಸರದಿ ಉದ್ದವಾಗುತ್ತದೆ, ಅದಕ್ಕೂ ಮುಂಚೆಯೇ ಹೋಗಿ. ಸರದಿಯ ಪಕ್ಕದಲ್ಲಿ ಬೇರೆ ದೋಣಿಗಳ ಟಿಕೆಟ್ ಮಾರುವವರು ಕರೆದರೆ ನಿಲ್ಲಬೇಡಿ.

ಏಷಿಯಾಟೀಕ್ ಇರುವುದು ಈಸ್ಟ್ ಏಷಿಯಾಟಿಕ್ ಎಂಬ ಡೆನ್ಮಾರ್ಕ್ ಮೂಲದ ಕಂಪನಿಯ ಹಳೆಯ ಹಡಗುಕಟ್ಟೆಯ ಜಾಗದಲ್ಲಿ. 2012ರಲ್ಲಿ ಜನರಿಗೆ ತೆರೆಯಿತು. ಗೋದಾಮುಗಳೇ ಈಗ ಅಂಗಡಿ ಸಾಲು. ನದಿಯಂಚಿನ ಹಾದಿ ಸಮತಟ್ಟಾಗಿದೆ, ಹಿರಿಯರಿಗೆ ನಡೆಯಲು ಹಿತ.

ಕ್ರೂಸ್ ಸುಮಾರು ಎರಡು ಗಂಟೆಯದು. ಹೊರಡುವ ಅರ್ಧ ಗಂಟೆ ಮೊದಲೇ ಜೆಟ್ಟಿಯಲ್ಲಿರಿ. ಹೋಗುವಾಗ ಎಡಕ್ಕೆ ವಾಟ್ ಅರುಣ್ ದೇಗುಲದ ಗೋಪುರ, ಬಲಕ್ಕೆ ಅರಮನೆ. ಬಹುಪಾಲು ದೋಣಿಗಳು ರಾಮ 8 ಸೇತುವೆಯ ಹತ್ತಿರ ತಿರುಗಿ ವಾಪಸಾಗುತ್ತವೆ. ಆಗ ಬದಿಗಳೂ ಅದಲುಬದಲು, ಹಾಗಾಗಿ ಕಿಟಕಿಗಾಗಿ ಪರದಾಡಬೇಕಿಲ್ಲ. ಮೇಲಿನ ತೆರೆದ ಮಹಡಿಯೇ ಚೆನ್ನ. ಕೆಳಗಿನ ಎ.ಸಿ. ಕೋಣೆಯ ಗಾಜಿನಲ್ಲಿ ಒಳಗಿನ ದೀಪಗಳೇ ಪ್ರತಿಫಲಿಸಿ ಫೋಟೋ ಕೆಡುತ್ತದೆ.

ಊಟದ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ತರಕಾರಿ ಎಂದು ಬಡಿಸಿದ ಪಲ್ಯದಲ್ಲೂ ಮೀನಿನ ಸಾರದ ಸಾಸ್ ಇರಬಹುದು. ಕರಿಗಳ ಮಸಾಲೆಯಲ್ಲಿ ಸಾಮಾನ್ಯವಾಗಿ ಹುದುಗಿಸಿದ ಸೀಗಡಿಯ ಪೇಸ್ಟ್ ಇರುತ್ತದೆ. ಥಾಯ್ ಭಾಷೆಯಲ್ಲಿ ‘ಮಂಗ್ಸವಿರಾತ್’ ಎಂದರೆ ಮಾಂಸವಿಲ್ಲ, ಆದರೆ ಮೊಟ್ಟೆ ಇರಬಹುದು. ‘ಜೇ’ ಎಂದರೆ ಮೊಟ್ಟೆ, ಹಾಲು, ಮೀನಿನ ಸಾಸ್ ಯಾವುದೂ ಇಲ್ಲ, ಬೆಳ್ಳುಳ್ಳಿ-ಈರುಳ್ಳಿಯೂ ಇಲ್ಲ. ಬುಕಿಂಗ್ ಮಾಡುವಾಗಲೇ ಹೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ದೋಣಿ ಹತ್ತಿದ ಮೇಲೆ ಕೇಳಿದರೆ ಹಣ್ಣು, ಅನ್ನವೇ ಗತಿ.

ಪ್ರಶ್ನೆ: ಚಾವೊ ಫ್ರಾಯಾ ನದಿಯ ಸಾರ್ವಜನಿಕ ಸಾರಿಗೆಯಾದ ಕಿತ್ತಳೆ ಬಾವುಟದ ದೋಣಿಯಲ್ಲಿ ವಯಸ್ಸಾದವರನ್ನು ಕರೆದೊಯ್ಯಬಹುದೇ?
– ಓದುಗರು, ವಿಜಯನಗರ

ಉತ್ತರ: ಮಧ್ಯಾಹ್ನದ ಹೊತ್ತು ಕರೆದೊಯ್ಯಬಹುದು, ಕಚೇರಿ ಬಿಡುವ ಹೊತ್ತಿಗೆ ಬೇಡ. ಅಗ್ಗ, ವೇಗವೂ ಹೌದು. ಆದರೆ ಜೆಟ್ಟಿಯಲ್ಲಿ ಕೆಲವೇ ಕ್ಷಣ ನಿಲ್ಲುತ್ತದೆ. ಹಿಂಬದಿಯಲ್ಲಿ ನಿಂತ ಸಿಬ್ಬಂದಿ ಸೀಟಿ ಊದಿ ಚಾಲಕನಿಗೆ ಸೂಚನೆ ಕೊಡುತ್ತಾ ಹಗ್ಗ ಸುತ್ತುತ್ತಾನೆ. ಜೆಟ್ಟಿ ಮತ್ತು ದೋಣಿಯ ನಡುವಿನ ಸಂದು ಅಲೆಗೆ ತಕ್ಕಂತೆ ಅಗಲವಾಗುತ್ತದೆ. ಮೊದಲು ನೀವು ದಾಟಿ, ಆಮೇಲೆ ಹಿರಿಯರ ಕೈ ಹಿಡಿಯಿರಿ. ಕಂಡಕ್ಟರ್ ಲೋಹದ ಕೊಳವೆಯಂಥ ಡಬ್ಬಿಯನ್ನು ಗಲಗಲ ಅನ್ನಿಸುತ್ತಾ ಬರುತ್ತಾರೆ, ಚಿಲ್ಲರೆ ಸಿದ್ಧವಿರಲಿ.

ಪ್ರಶ್ನೆ: ಸಿಂಗಪುರದಿಂದ ಹೊರಡುವ ಹಡಗಿನ ಪ್ಯಾಕೇಜ್‌ನಲ್ಲಿ ‘ಬ್ಯಾಂಕಾಕ್’ ಎಂದಿದೆ. ಇಳಿದ ಕೂಡಲೇ ನದಿ ದಂಡೆ ಸಿಗುತ್ತದೆಯೇ?
– ಓದುಗರು, ಜಯನಗರ

ಉತ್ತರ: ಇಲ್ಲ. ದೊಡ್ಡ ಹಡಗುಗಳಿಗೆ ನದಿಯ ಆಳ ಸಾಲದು. ಅವು ಸಾಮಾನ್ಯವಾಗಿ ಲೇಮ್ ಚಬಾಂಗ್ ಬಂದರಿನಲ್ಲಿ ನಿಲ್ಲುತ್ತವೆ. ಅಲ್ಲಿಂದ ನಗರಕ್ಕೆ ಸುಮಾರು 120 ಕಿ.ಮೀ. ಹೋಗಿ ಬರಲು ಕನಿಷ್ಠ ನಾಲ್ಕೈದು ಗಂಟೆ ರಸ್ತೆಯಲ್ಲೇ ಕಳೆಯುತ್ತದೆ. ಹಡಗು ಎಂಟೇ ಗಂಟೆ ನಿಲ್ಲುವುದಾದರೆ ಬ್ಯಾಂಕಾಕ್ ಬಿಟ್ಟು ಹತ್ತಿರದ ಪಟ್ಟಾಯ ನೋಡಿ ಬನ್ನಿ. ರಾತ್ರಿ ತಂಗುವ ಹಡಗಾದರೆ ಮಾತ್ರ ನದಿ ದಂಡೆಯ ಆಸೆ ಇಟ್ಟುಕೊಳ್ಳಿ.